ವೀಸಾಕ್ಕೆ ಕೊಡುವ ರಕ್ತ, ಪತ್ನಿಗೇಕಿಲ್ಲ?

ಗಲ್ಫ್ ವೀಸಾ ಕೈಸೇರಬೇಕಾದರೆ ನಮ್ಮ ಯುವಕರು ರಕ್ತ ಪರೀಕ್ಷೆಗೆ ಒಳಗಾಗುತ್ತಾರೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಇಲ್ಲವೆಂದು ಖಾತ್ರಿಯಾದ ಬಳಿಕವೇ ಆ ದೇಶಗಳ ಬಾಗಿಲು ತೆರೆಯುತ್ತದೆ. ಕುಮಟಾದ ಸಂತೆಗುಳಿಯಲ್ಲಾಗಲಿ, ಹೊನ್ನಾವರ, ಮಂಕಿ, ಭಟ್ಕಳಗಳಲ್ಲಾಗಲಿ ಇದನ್ನು ಯಾರೂ ಅವಮಾನವೆಂದು ಬಗೆಯುವುದಿಲ್ಲ. ಆದರೆ ರಜೆಯಲ್ಲಿ ಮರಳಿದ ಅದೇ ವ್ಯಕ್ತಿಗೆ, ಪತ್ನಿಯ ಆರೋಗ್ಯಕ್ಕಾಗಿ ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದರೆ ಅದು ಮಾನದ ಪ್ರಶ್ನೆಯಾಗಿ ಬಿಡುತ್ತದೆ! ಕಫೀಲನಿಗಿರುವ ಹಕ್ಕು ಪತ್ನಿಗಿಲ್ಲವೇ?

ಮಕ್ಕಳ ನಡುವೆ ಅಂತರ ಬಯಸುವ ಗೃಹಿಣಿ ಪೇಟೆಯ ಸಾಮಾನ್ಯ ವೈದ್ಯರ ಬಳಿಗೆ ಹೋಗುತ್ತಾಳೆ. ಪಕ್ಕದಲ್ಲಿ ಅತ್ತೆಯೋ ನಾದಿನಿಯೋ ಕುಳಿತಿರುತ್ತಾರೆ. ಮಾತ್ರೆಯ ಚೀಟಿಯೇನೋ ಸಿಗುತ್ತದೆ. ಕೆಳಹೊಟ್ಟೆಯ ನೋವಿದೆಯೇ, ದುರ್ವಾಸನೆಯ ಬಿಳಿ ಸೆರಗಿದೆಯೇ ಎಂದು ವೈದ್ಯರು ಕೇಳದಿದ್ದರೆ ಅವಳಾಗಿ ಹೇಳುವುದಿಲ್ಲ. ಅವಳು ತನ್ನ ದೇಹದ ಕುರಿತು ಬಾಯಿ ತೆರೆಯಬಹುದಾಗಿದ್ದ ಏಕೈಕ ಸಂದರ್ಭ ಹೀಗೆ ಕಳೆದು ಹೋಗುತ್ತದೆ.

ಬಿಳಿ ಸೆರಗೆಲ್ಲವೂ ಲೈಂಗಿಕ ರೋಗವಲ್ಲ, ಹಲವು ಬಾರಿ ಅದು ಸಾಮಾನ್ಯ ಶಿಲೀಂಧ್ರದ ಸೋಂಕು. ಇನ್ನೊಂದೆಡೆ, ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕು ಹೆಚ್ಚಿನ ಸ್ತ್ರೀಯರಲ್ಲಿ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳವನ್ನು ಕೆಡಿಸಬಲ್ಲದು. ಮಾತ್ರೆ ಗರ್ಭವನ್ನು ತಡೆಯುತ್ತದೆ, ಸೋಂಕನ್ನಲ್ಲ. 2017ರಲ್ಲಿ ಸರಕಾರ ಆರಂಭಿಸಿದ ಅಂತರಾ ಚುಚ್ಚುಮದ್ದೂ ಅಷ್ಟೇ. ಗರ್ಭಕಂಠದಲ್ಲಿ ಗೊನೊರಿಯಾ ಅಥವಾ ಕ್ಲಮೀಡಿಯಾ ಇರುವಾಗ ಕಾಪರ್-ಟಿ ಅಳವಡಿಸಲೇಬಾರದು. ಹೀಗಿರುವಾಗ ವಿಚಾರಿಸದೆ, ಪರೀಕ್ಷಿಸದೆ ಚೀಟಿ ಬರೆಯುವುದು ಯಾವ ಸೀಮೆಯ ವೈದ್ಯಕೀಯ? ಪತ್ನಿಗೆ ಮಾತ್ರ ಔಷಧ ಕೊಟ್ಟು ಪತಿಯನ್ನು ಬಿಟ್ಟರೆ ರೋಗ ಮತ್ತೆ ಅವಳಿಗೇ ಮರಳುತ್ತದೆ. ಮುಂದೆ ಮಕ್ಕಳಾಗದಿದ್ದರೆ 'ಬಂಜೆ' ಎಂಬ ಪಟ್ಟವೂ ಅವಳಿಗೇ. ತಲಾಕಿನ ಮಾತೂ ಆಗ ಹೊರಡುತ್ತದೆ.

ಧರ್ಮದ ಹೆಸರಿನಲ್ಲಿ ಈ ಮೌನವನ್ನು ಸಮರ್ಥಿಸುವವರಿದ್ದಾರೆ. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂಬ ಜಾಬಿರ್(ರ)ರ ವರದಿ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಇಮಾಮ್ ಗಝ್ಝಾಲಿಯವರೂ ಅದನ್ನು ಅನುಮತಿಸಿದ್ದಾರೆ. ಲಜ್ಜೆಯು ಧರ್ಮದ ತಿಳುವಳಿಕೆ ಪಡೆಯಲು ಅಡ್ಡಿಯಾಗಲಿಲ್ಲವೆಂದು ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರು. ಅವರಿಗಿಂತ ಹೆಚ್ಚಿನ ಲಜ್ಜೆಯನ್ನು ನಮ್ಮ ಮಹಿಳೆಯರ ಮೇಲೆ ಹೇರಲು ನಾವು ಯಾರು?

ನಮ್ಮ ಜನಸಂಖ್ಯೆಯ ಭೂತವನ್ನು ತೋರಿಸಿ ಮತ ಕೇಳುವವರಿಗೆ ಈ ಮಹಿಳೆ ಕೇವಲ ಒಂದು ಅಂಕಿ. ಮುಸ್ಲಿಮ್ ಮಹಿಳೆಯರ ಸರಾಸರಿ ಹೆರಿಗೆ ಪ್ರಮಾಣ 1992-93ರ 4.4ರಿಂದ 2019-21ರ ಹೊತ್ತಿಗೆ 2.4ರ ಆಸುಪಾಸಿಗೆ ಇಳಿದಿದೆ ಎಂಬ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸತ್ಯ ಅವರಿಗೆ ಬೇಕಿಲ್ಲ. ಅವರ ಬಾಯಿ ಮುಚ್ಚಿಸಲು ಈ ಅಂಕಿಯನ್ನು ಉಲ್ಲೇಖಿಸುವ ನಾವಾದರೂ ಆಕೆಯ ನೋವನ್ನು ವಿಚಾರಿಸಿದ್ದೇವೆಯೇ?

ಸರಕಾರಿ ಆಸ್ಪತ್ರೆಗಳ ಸಮಾಲೋಚನಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಅದರ ಫಲಿತಾಂಶದ ಗೋಪ್ಯತೆಗೆ 2017ರ ಕಾಯ್ದೆಯ ರಕ್ಷಣೆಯಿದೆ. ಲೈಂಗಿಕ ಸೋಂಕುಗಳ ಚಿಕಿತ್ಸೆಗೆಂದೇ ಸುರಕ್ಷಾ ಕ್ಲಿನಿಕ್‌ಗಳಿವೆ. ವೈದ್ಯರು ಅತ್ತೆಯನ್ನು ಐದು ನಿಮಿಷ ಹೊರಗೆ ಕೂರಿಸಲಿ. ಜಮಾಅತಿನ ಹಿರಿಯರು ನಿಕಾಹ್‌ಗೆ ಮುನ್ನ ಮಹ್ರ್‌ನ ಮೊತ್ತ ಕೇಳುವಾಗ ವರನ ರಕ್ತ ಪರೀಕ್ಷೆಯ ವರದಿಯನ್ನೂ ಕೇಳಲಿ. ವೀಸಾಕ್ಕೆಂದು ಮಾಡಿಸಿದ್ದು ಹಳೆಯದಾಗಿದ್ದರೆ, ಹೊಸದನ್ನು ಮಾಡಿಸಿ ತರಲಿ.