ಎತ್ತು ಎರಡಿದ್ದರೆ ಬಿತ್ತನೆ ಬೀಜ ಬೇಡವೇ?

ಹೋದ ವಾರ ಮೀಟಿಂಗಿನಲ್ಲಿ ಮತ್ತೆ ಅದೇ ಮಾತು. "ಫೈಲ್ ಸರ್ವರ್ ಕ್ಲಸ್ಟರ್‌ನಲ್ಲಿದೆಯಲ್ಲಪ್ಪಾ, ಒಂದು ಬಿದ್ರೆ ಇನ್ನೊಂದು ಎದ್ದು ಕೂರುತ್ತೆ. ಬ್ಯಾಕಪ್‌ಗೆ ಬೇರೆ ಯಾಕೆ ದುಡ್ಡು ಸುರೀಬೇಕು?" ದೊಡ್ಡ ಸಂಬಳದವರ ಬಾಯಿಂದ ಬಂದ ಮಾತು, ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನಾನು ಆಡಿಸಲಿಲ್ಲ.

ಆಫೀಸುಗಳಲ್ಲಿ ಸಾಮಾನ್ಯವಾಗಿ ಕಾಣೋ ಫೇಲ್‌ಓವರ್ ಕ್ಲಸ್ಟರ್ ಅಂದ್ರೆ ಮುಂದೆ ಎರಡು ಸರ್ವರ್, ಹಿಂದೆ ಎರಡಕ್ಕೂ ಸೇರಿದ ಒಂದೇ ಸ್ಟೋರೇಜ್. ಒಂದು ಸರ್ವರ್ ಮಲಗಿದರೆ ಇನ್ನೊಂದು ಅದೇ ಡಿಸ್ಕನ್ನು ಹಿಡಿದುಕೊಂಡು ಕೆಲಸ ಮುಂದುವರಿಸುತ್ತೆ. ಎತ್ತು ಕುಂಟಿದಾಗ ಕೊಟ್ಟಿಗೆಯಿಂದ ಇನ್ನೊಂದನ್ನ ತಂದು ನೊಗಕ್ಕೆ ಕಟ್ಟಿದ ಹಾಗೆ. ಉಳುಮೆ ನಿಲ್ಲಲ್ಲ, ಒಪ್ಪಿದೆ. ಆದರೆ ಯಾರೋ ಪುಣ್ಯಾತ್ಮ ಒಂದು ಫೋಲ್ಡರ್ ಅಳಿಸಿದರೆ? ರಾನ್ಸಮ್‌ವೇರ್ ನುಗ್ಗಿದರೆ? ಹೋದದ್ದು ಎರಡೂ ಸರ್ವರ್‌ಗೂ ಹೋಯ್ತು. ಎರಡು ಕಡೆ ನಕಲು ಇಡೋ ಕ್ಲಸ್ಟರ್ ಆದರೂ ಅಷ್ಟೇ, ತಪ್ಪನ್ನೂ ಬಹಳ ಶ್ರದ್ಧೆಯಿಂದ ನಕಲು ಮಾಡುತ್ತೆ.

ಇನ್ನು ಬ್ಯಾಕಪ್ ಇದೆ ಅನ್ನೋರ ಕಥೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಬ್ಯಾಕಪ್ ಜಾಬನ್ನು ಮೊದಲ ಸರ್ವರ್‌ನ ಹೆಸರಿಗೆ ಕಟ್ಟಿದ್ದರು. ಕಟ್ಟಿದವನು ನಾನೇ. ಒಂದು ರಾತ್ರಿ ಪ್ಯಾಚ್ ಹಾಕುವಾಗ ಡಿಸ್ಕು ಎರಡನೇ ಸರ್ವರ್‌ಗೆ ಹೋಯ್ತು, ವಾಪಸ್ ತರೋದು ಯಾರಿಗೂ ನೆನಪಾಗಲಿಲ್ಲ. ಜಾಬ್ ಮಾತ್ರ ದಿನಾ ರಾತ್ರಿ ಮೊದಲ ಸರ್ವರ್‌ಗೇ ಹೋಗಿ, ಅದರ ಸಿ ಡ್ರೈವ್ ಒಂದನ್ನೇ ಎತ್ತಿಕೊಂಡು, ಹಸಿರು ಟಿಕ್ ತೋರಿಸ್ತಿತ್ತು. ಮೂರು ವಾರ. ಆಮೇಲೆ ಅಕೌಂಟ್ಸ್‌ನಿಂದ ಫೋನು: "ಮಾರ್ಚ್ ಫೋಲ್ಡರ್ ಕಾಣ್ತಿಲ್ಲ ಸಾರ್." ಇಬ್ಬರು ಹೆಣ್ಣುಮಕ್ಕಳು ರಾತ್ರಿ ಎಂಟರವರೆಗೂ ಕೂತು ವೋಚರ್‌ಗಳನ್ನ ಮತ್ತೆ ಟೈಪ್ ಮಾಡಿದರು. ನನಗೆ ಅವರ ಮುಖ ನೋಡೋಕಾಗಲಿಲ್ಲ. ಡಿಸ್ಕಿನ ಜೊತೆಗೇ ಓಡಾಡೋ ಕ್ಲಸ್ಟರ್‌ನ ಸ್ವಂತ ಹೆಸರೊಂದಿರುತ್ತೆ, ಜಾಬನ್ನು ಅದಕ್ಕೆ ಕಟ್ಟಿದ್ದರೆ ಸಾಕಿತ್ತು. ಒಂದು ಸಾಲಿನ ಕೆಲಸ.

ನಾನೊಬ್ಬನೇ ದಡ್ಡ ಅಂದ್ಕೋಬೇಡಿ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಸ್ಟೋರೇಜ್‌ನಿಂದ ಸುಮಾರು 77 ಟೆರಾಬೈಟ್, ಅಂದ್ರೆ ಹತ್ತಿರ ಹತ್ತಿರ 3.4 ಕೋಟಿ ಫೈಲು ಅಳಿಸಿಹೋದವು. ಅಳಿಸಿದ್ದು ಕಳ್ಳನಲ್ಲ, ಬ್ಯಾಕಪ್ ಪ್ರೋಗ್ರಾಮೇ! ಓಡ್ತಿರೋ ಸ್ಕ್ರಿಪ್ಟಿನ ಮೇಲೆ ಹೊಸದನ್ನ ಹಾಕಿದ್ದಕ್ಕೆ, ಹಳೇ ಲಾಗ್ ಅಳಿಸಬೇಕಿದ್ದ ಕಮಾಂಡು ಸಂಶೋಧಕರ ಫೈಲುಗಳಿಗೇ ಕೈ ಹಾಕಿತು. ನಷ್ಟವಾದ 14 ಗುಂಪುಗಳಲ್ಲಿ ನಾಲ್ಕಕ್ಕೆ ಫೈಲು ವಾಪಸ್ ಸಿಗಲೇ ಇಲ್ಲ.

ನಮ್ಮಜ್ಜಿ ಬಿತ್ತನೆ ಅವರೆಗೆ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ತಿನ್ನೋ ಕಾಳಿನ ಹತ್ತಿರವೂ ಸೇರಿಸ್ತಿರಲಿಲ್ಲ. ಮಳೆಗೆ ಮುಂಚೆ ಒಂದು ಹಿಡಿ ತೆಗೆದು ಒದ್ದೆ ಬಟ್ಟೇಲಿ ಕಟ್ಟಿ, ಎಷ್ಟು ಮೊಳಕೆ ಬಂತು ಅಂತ ಎಣಿಸ್ತಿದ್ಲು. ಹಸಿರು ಟಿಕ್ ನೋಡಿ ಮನೆಗೆ ಹೋಗೋ ನಾವು ಬಿಇ ಓದಿದವರು.

ಮೀಟಿಂಗ್ ಮುಗಿದ ಮೇಲೆ ಅವರನ್ನೇ ಕೇಳಿದೆ: "ಸಾರ್, ಹೋದ ತಿಂಗಳ ನಿಮ್ಮದೊಂದು ಫೈಲನ್ನ ಬ್ಯಾಕಪ್‌ನಿಂದ ತೆಗೆದು ತೋರಿಸಲಾ?" "ನೋಡೋಣ ಬಿಡಪ್ಪಾ" ಅಂದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಇಟ್ಟಿದ್ದೀನಿ. ಅವರ ಅಪ್ರೈಸಲ್ ಫೈಲೇ ಆರಿಸಿದ್ದೀನಿ.