ಸಂಜೆ ಶಾಲೆಯ ಗೇಟಿಗೆ ಬೀಗ ಯಾಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಗದ್ದಲ ಏಳುತ್ತದೆ. ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ ಮೇಲಂತೂ ಅದು ಇನ್ನೂ ಜೋರು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34ಕ್ಕೆ ಕುಸಿಯಿತು. ಕೂಡಲೇ ಸಭೆ, ನೋಟಿಸು, ಹತ್ತನೇ ತರಗತಿಗೆ ಸಂಜೆಯ ವಿಶೇಷ ತರಗತಿ. ಐದನೇ ತರಗತಿಯಲ್ಲೇ ಭಾಗಾಕಾರ ಕೈತಪ್ಪಿದ ಹುಡುಗಿಗೆ ಹತ್ತನೇ ತರಗತಿಯ ಕೊನೆಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟರೆ ಏನು ಬಂತು?

ದಾವಣಗೆರೆಯ ಆಜಾದ್ ನಗರ, ಬಾಷಾ ನಗರದ ಬೀಡಿ ಕಟ್ಟುವ ಮನೆಗಳಲ್ಲಿ ಸಂಜೆ ಹೇಗಿರುತ್ತದೆ ನೋಡಿ. ತಾಯಿಯ ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ. ಶಾಲೆಯಿಂದ ಬಂದ ಮಗಳು ಬ್ಯಾಗು ಇಳಿಸಿ ಪಕ್ಕದಲ್ಲೇ ಕೂತು ಬೀಡಿಯ ತುದಿ ಮಡಚುತ್ತಾಳೆ. ಹೋಂವರ್ಕ್ ಪುಸ್ತಕ ತೆರೆಯುವುದು ಊಟವಾದ ಮೇಲೆ, ಮನೆಗಿರುವ ಒಂದೇ ಕೋಣೆಯಲ್ಲಿ ಟಿವಿ ಹಾಡುತ್ತಿರುವಾಗ. ಲೆಕ್ಕ ತಿಳಿಯದಿದ್ದರೆ ಕೇಳಲು ಮನೆಯಲ್ಲಿ ಯಾರೂ ಇಲ್ಲ. ಟ್ಯೂಷನ್‌ಗೆ ದುಡ್ಡಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳ ಕಥೆಯೂ ಇದೇ.

ಅದೇ ಹೊತ್ತಿಗೆ ಸರ್ಕಾರಿ ಶಾಲೆಯ ಗೇಟಿಗೆ ಬೀಗ. ಒಳಗೆ ಬೆಂಚಿದೆ, ಲೈಟಿದೆ, ಅಂಗಳವಿದೆ. ಹುಡುಗರು ಕಾಂಪೌಂಡ್ ಹಾರಿ ಕ್ರಿಕೆಟ್ ಆಡುತ್ತಾರೆ. ಹುಡುಗಿಯರು ಕಾಂಪೌಂಡ್ ಹಾರುವ ಹಾಗಿಲ್ಲ. ಈ ಬೀಗದಿಂದ ಹೆಚ್ಚು ಕಳೆದುಕೊಂಡವರು ಅವರೇ.

ಹರಿಹರದಲ್ಲಿ ಸಂಕಟದ ಬಗೆ ಬೇರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದಾಗ ಹೋದದ್ದು ಸಂಬಳ ಮಾತ್ರವಲ್ಲ. ಖಾಯಂ ನೌಕರಿ ಇದ್ದ ಅಪ್ಪ ಸಂಜೆ ಮನೆಗೆ ಬರುತ್ತಿದ್ದ. ದಿನಗೂಲಿಯ ಅಪ್ಪ ಯಾವಾಗ ಬರುತ್ತಾನೋ ಹೇಳಲಾಗದು.

ಅದಕ್ಕೇ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಬಡವರ ಬಡಾವಣೆಗಳ ಸರ್ಕಾರಿ ಶಾಲೆಗಳು ತೆರೆದಿರಲಿ. ಮೊದಲು ಒಂದು ತಾಸು ಖೊಖೊ, ಕಬಡ್ಡಿ, ಕುಸ್ತಿ, ಆಮೇಲೆ ಬಾಳೆಹಣ್ಣು, ಕಡಲೆ, ಆಮೇಲೆ ಹೋಂವರ್ಕ್. ಶುಲ್ಕ ಬೇಡ, ಆಯ್ಕೆ ಬೇಡ. ಆಟ ಯಾಕೆ, ಓದಿಸಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ದಿನವಿಡೀ ದಡ್ಡ ಎನಿಸಿಕೊಂಡ ಮಗು ಸಂಜೆ ಮತ್ತೆ ಅದೇ ಬೆಂಚಿಗೆ ತಾನಾಗಿ ಬರುವುದಿಲ್ಲ. ಆಟಕ್ಕೆ ಬರುತ್ತದೆ, ಬಂದ ಮೇಲೆ ಪುಸ್ತಕ ತೆರೆಯುತ್ತದೆ.

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಎಂದು ಕೆಲವರು ಆಟೋ ಚಾಲಕರ ಮಗ, ಕ್ರಿಕೆಟಿಗ ವಿನಯ್ ಕುಮಾರ್ ಅವರನ್ನು ತೋರಿಸುತ್ತಾರೆ. ಅವರು ಕರ್ನಾಟಕಕ್ಕೆ ಎರಡು ವರ್ಷ ಸತತ ರಣಜಿ ಟ್ರೋಫಿ ಗೆದ್ದುಕೊಟ್ಟದ್ದು ಇಡೀ ದಾವಣಗೆರೆಗೆ ಹೆಮ್ಮೆ. ಆದರೆ ಅಂಥ ಒಬ್ಬರನ್ನು ಮುಂದಿಟ್ಟುಕೊಂಡು ಸಾವಿರಾರು ಮಕ್ಕಳ ಅಂಗಳಕ್ಕೆ ಬೀಗ ಹಾಕುವುದು ಅನ್ಯಾಯ.

ಶಿಕ್ಷಕರಿಗೆ ಹೊರೆ ಎಂಬ ಮಾತು ಮಾತ್ರ ನಿಜ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದಲ್ಲಿ ಬೆಂದವರ ತಲೆಗೆ ಇದನ್ನೂ ಕಟ್ಟಬಾರದು. ಈ ಊರಲ್ಲಿ ಬಿ.ಇಡಿ. ಮುಗಿಸಿ ಕೂತವರಿಗೆ, ದೈಹಿಕ ಶಿಕ್ಷಣ ಓದಿದವರಿಗೆ ಬರವೇ? ಗೌರವಧನ ಕೊಟ್ಟು ನೇಮಿಸಿ. ಅದೇ ಬಡಾವಣೆಯ ಹೆಣ್ಣುಮಕ್ಕಳಿಗೆ ಮೊದಲ ಅವಕಾಶ ಕೊಡಿ. ಇದೇನೂ ಕೇಳರಿಯದ ಮಾತಲ್ಲ, ಫ್ರಾನ್ಸ್ 2017ರಿಂದ ತನ್ನ ಮಾಧ್ಯಮಿಕ ಶಾಲೆಗಳ ಒಳಗೇ ಹೋಂವರ್ಕಿಗೆ ಉಚಿತ ನೆರವು ಕೊಡುತ್ತಿದೆ.

ದುಡ್ಡೆಲ್ಲಿ ಎಂದು ದಾವಣಗೆರೆಯಲ್ಲಿ ಕೇಳಬೇಡಿ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೇ ಸೇರಿದ ನಗರವಿದು. ಕೇಂದ್ರ, ರಾಜ್ಯ ತಲಾ 500 ಕೋಟಿ ರೂಪಾಯಿ ಎಂಬ ಲೆಕ್ಕದ ಯೋಜನೆ ಅದಾಗಿತ್ತು. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಿದ್ದೇವೆ. ಹಳ್ಳಿಯ ಮಕ್ಕಳಿಗೆ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂತು, ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಕರ ಕಟ್ಟುವ ನಗರದ ಕೊಳೆಗೇರಿಯ ಮಕ್ಕಳು ಏನು ತಪ್ಪು ಮಾಡಿದ್ದರು?

ಮಹಾನಗರ ಪಾಲಿಕೆ, ಹರಿಹರ ನಗರಸಭೆ ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಅನುದಾನ ಇಡಲಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವಾಗ ಸಂಜೆಯ ಬೀಗದ ಕೈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರ ಕೈಗೆ ಬರಲಿ.