ವಿಜ್ಞಾನ ವ್ಯಾಸಂಗವೂ ಒಕ್ಕಲು ಮನೆಯೂ

ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದೊಡನೆ, ಮಗನಿಗಾಗಲಿ ಮಗಳಿಗಾಗಲಿ ವಿಜ್ಞಾನದಲ್ಲಿ ಯಾವ ವಿಷಯಗಳನ್ನು ಕೊಡಿಸಬೇಕೆಂಬ ಆಲೋಚನೆಯು ಬಂಗಾರಪೇಟೆ ಸೀಮೆಯ ರೈತರ ಮನೆಗಳಲ್ಲಿ ಆರಂಭವಾಗುವುದಷ್ಟೆ. ಭೌತ, ರಸಾಯನ, ಗಣಿತಶಾಸ್ತ್ರಗಳೊಡನೆ ಗಣಕ ವಿಜ್ಞಾನವನ್ನು ಹಿಡಿಸಲು ಅನೇಕರು ಆತುರಪಡುತ್ತಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ, ಮಾರಿಕುಪ್ಪದ ರೈಲಿನಲ್ಲಿ ನಿತ್ಯವೂ ಬೆಂಗಳೂರಿಗೆ ಹೋಗಿಬಂದು ಜೀವಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಜೀವಶಾಸ್ತ್ರವನ್ನು ಬಿಟ್ಟವರಿಗೆ ಬಿ.ಎಸ್ಸಿ. ಕೃಷಿ ಪದವಿಯ ದಾರಿಯು ಕಟ್ಟಿಹೋಗುತ್ತದೆ. ಕೃಷಿಕರ ಮಕ್ಕಳಿಗೆಂದೇ ಸ್ಥಾನಗಳನ್ನು ಮೀಸಲಿಟ್ಟಿರುವ ಪದವಿಯದು. ಕೋಲಾರದಲ್ಲಿಯೇ ತೋಟಗಾರಿಕೆಯ ಕಾಲೇಜೂ ಉಂಟು. ಮಕ್ಕಳ ಒಲವನ್ನು ವಿಚಾರಿಸದೆ, ನೆರೆಮನೆಯವರನ್ನು ನೋಡಿ ಈ ದಾರಿಯನ್ನು ಮುಚ್ಚುವುದು ಜಮೀನುಳ್ಳವರಿಗೆ ತಕ್ಕುದಲ್ಲ.

ಇನ್ನು ಓದಿನ ಭಾರದ ಮಾತು. ಮಾರ್ಚಿಯ ಸುಮಾರಿಗೆ ವಾರ್ಷಿಕ ಪರೀಕ್ಷೆ, ಅದರ ಬೆನ್ನಿಗೇ ಸಿ.ಇ.ಟಿ. ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆಹುಳುವು ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಮೇಲ್ಪಟ್ಟು ಆ ಒಂದು ವಾರದಲ್ಲಿಯೇ ತಿನ್ನುವುದೆಂಬುದು ಸಾಕುವವರಿಗೆ ತಿಳಿದ ಸಂಗತಿ. ಆ ವಾರವೂ ಪರೀಕ್ಷೆಯ ವಾರವೂ ಕೂಡಿದರೆ, ನಡುರಾತ್ರಿಯಲ್ಲಿ ಸೊಪ್ಪು ಹಾಕಿ ಬೆಳಿಗ್ಗೆ ಪ್ರಶ್ನಪತ್ರಿಕೆಯ ಮುಂದೆ ಕೂಡುವ ಮಕ್ಕಳ ಗತಿಯೇನು? ಹೆಣ್ಣುಮಕ್ಕಳಿಗೆ ಅಡಿಗೆಮನೆಯ ಕೆಲಸವೂ ಸೇರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರೀಕ್ಷೆಯ ದಿನವನ್ನು ಯಜಮಾನರು ಬದಲಿಸಲಾರರು. ಹುಳು ತರುವ ದಿನವನ್ನು ಬದಲಿಸಬಲ್ಲರು. ವೇಳಾಪಟ್ಟಿಯು ಪ್ರಕಟವಾದ ಮೇಲೆ ಅದನ್ನು ನೋಡಿಕೊಂಡೇ ಚಾಕಿ ಹುಳುವಿಗೆ ಮುಂಗಡ ಕೊಡುವುದು ಮೇಲು. ಆ ಬೆಳೆಗೆ ಕೂಲಿಯಾಳು ಬೇಕಾದರೆ ಅದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.